ಹಾಲ್‌ನಲ್ಲಿ ಕೆಂಪು ಜಮಖಾನ ಹಾಸಿದ್ರೆ ಮಿಕ್ಕಿದ್ದೆಲ್ಲಾ ಮಂಕಾಗತ್ತಾ?

ಹೊಸಮನೆಯವಳು:
ಎಲ್ರಿಗೂ ನಮಸ್ಕಾರ. ಮನೇಲಿ ಒಂದು ವಾದ ಮುಗೀತಾನೇ ಇಲ್ಲ, ಇಲ್ಲಿ ತಿಳಿದವರು ಇದೀರಾ ಅಂತ ಕೇಳ್ತಿದೀನಿ. ನಮ್ಮದು ಬೆಂಗಳೂರಲ್ಲಿ ಫ್ಲಾಟ್, ಹಾಲ್ 11ಕ್ಕೆ 16 ಅಡಿ. ನೆಲ ಐವರಿ ಬಣ್ಣದ ವಿಟ್ರಿಫೈಡ್ ಟೈಲ್ಸ್, ಗೋಡೆ ಆಫ್‌ವೈಟ್, ಸೋಫಾ ತಿಳಿ ಬೂದು. ಎಲ್ಲಾ ನೀಟಾಗಿದೆ ಆದ್ರೆ ಮನೆಗೆ ಬಂದ್ರೆ ಯಾವುದೋ ಕ್ಲಿನಿಕ್‌ನ ವೇಟಿಂಗ್ ರೂಮ್‌ಗೆ ಬಂದಂಗೆ ಅನ್ಸುತ್ತೆ. ಹುಬ್ಬಳ್ಳೀಲಿ ನಮ್ಮ ಅತ್ತೆಯವರ ಅಕ್ಕನ ಮನೇಲಿ ನವಲಗುಂದದ ಜಮಖಾನ ನೋಡ್ದೆ. ದಟ್ಟ ಕೆಂಪು, ಮಧ್ಯೆ ಪಗಡೆ ಹಾಸಿನ ಥರ ಚೌಕಗಳು, ಅಂಚಲ್ಲಿ ಹಳದಿ ಹಸಿರು ನವಿಲು. ಕಣ್ಣು ಕೀಳಕ್ಕೇ ಆಗ್ಲಿಲ್ಲ. ಅಂಥದ್ದೇ ಒಂದು ತರಿಸ್ಬೇಕು ಅಂತಿದೀನಿ. ಆದ್ರೆ ನಮ್ಮ ಇಂಟೀರಿಯರ್ ಮಾಡಿದವರು ಬೇಡವೇ ಬೇಡ ಅಂತಾರೆ, ರಗ್ ಹಿನ್ನೆಲೇಲಿ ಇರ್ಬೇಕು, ಅದೇ ಎದ್ದು ಕಂಡ್ರೆ ರೂಮ್ ಬ್ಯಾಲೆನ್ಸ್ ಹೋಗತ್ತೆ, ಬೀಜ್ ಕಲರ್, ಅಂದ್ರೆ ತಿಳಿ ಮರಳಿನ ಬಣ್ಣದ್ದು ಹಾಕಿ ಅಂತ. ನಮ್ಮ ಯಜಮಾನ್ರು ಅವರ ಪಾರ್ಟಿ. ಒಂದು ಹಾಸು ಇಡೀ ಹಾಲನ್ನ ಆಳೋದು ನಿಜವಾಗ್ಲೂ ತಪ್ಪಾ?

ಮೈಸೂರ್_ಮಂದಿ:
ತಪ್ಪೇನಿಲ್ಲ, ತಗೊಳ್ಳಿ. ದಿನಾ ಆ ಮನೇಲಿ ಇರೋರು ನೀವು.

ಬಿಳಿಗೋಡೆ:
ನಾನು ಇದೇ ಕೆಲ್ಸದಲ್ಲಿರೋದು, ಆ ಇಂಟೀರಿಯರ್‌ನವರ ಪರವಾಗಿ ಎರಡು ಮಾತು ಹೇಳ್ತೀನಿ. 11 ಅಡಿ ಅಗಲದ ಹಾಲ್‌ನಲ್ಲಿ ಸೋಫಾ 3 ಅಡಿ ತಿಂದ್ಹಾಕತ್ತೆ, ಟಿವಿ ಯೂನಿಟ್ ಒಂದೂವರೆ ಅಡಿ, ಮಧ್ಯೆ ಉಳಿಯೋದು ಆರೂವರೆ. ಅದರ ಮೇಲೆ ಟೀಪಾಯಿ. ಅಂದ್ರೆ ನೀವು ಇಷ್ಟಪಟ್ಟ ಆ ಪಗಡೆ ಚೌಕ ಟೀಪಾಯಿ ಅಡಿಗೆ ಹೋಗತ್ತೆ, ನವಿಲಿನ ಅಂಚು ಸೋಫಾ ಅಡಿಗೆ ಹೋಗತ್ತೆ, ಕಾಣೋದು ಅರ್ಧಂಬರ್ಧ ಡಿಸೈನ್. ಪೂರ್ತಿ ಚಿತ್ರ ಕಾಣದೇ ಇದ್ದಾಗ ಕಣ್ಣಿಗೆ ಅದು ಗಲಿಬಿಲಿ ಅನ್ಸುತ್ತೆ ಹೊರತು ಚೆಂದ ಅನ್ಸಲ್ಲ. ಅದ್ರ ಜೊತೆಗೆ ನಮ್ಮ ಮನೆಗಳಲ್ಲಿ ಮೊದಲೇ ಏನೇನಿರತ್ತೆ ನೋಡಿ, ಶೋಕೇಸ್ ತುಂಬ ಬೊಂಬೆ, ಹೂವಿನ ಕರ್ಟನ್, ಕ್ಯಾಲೆಂಡರು, ದೇವರ ಫೋಟೋ, ಬಾಗಿಲಿಗೆ ತೋರಣ. ಇದೆಲ್ಲಾ ಇರೋ ಜಾಗಕ್ಕೆ ಇನ್ನೊಂದು ದಟ್ಟ ಕೆಂಪು ಬಂದ್ರೆ ಕಣ್ಣು ಎಲ್ಲಿ ನಿಲ್ಬೇಕು? ರಗ್ ಊಟದೆಲೆ ತುದೀಲಿರೋ ಉಪ್ಪಿನಕಾಯಿ ಥರ ಇರ್ಬೇಕು, ಅನ್ನದ ಜಾಗಕ್ಕೆ ಬರಬಾರದು.

ಕೆಂಪು_ನೆಲ:
@ಬಿಳಿಗೋಡೆ ಅವರು ಪೋಸ್ಟ್ ಸರಿಯಾಗಿ ಓದಿಲ್ಲ ಅನ್ಸುತ್ತೆ. ಆಫ್‌ವೈಟ್ ಗೋಡೆ, ಬೂದು ಸೋಫಾ, ಐವರಿ ನೆಲ. ಅಲ್ಲಿ ಬರೀ ಅನ್ನ ಮಾತ್ರ ಇದೆ, ಉಪ್ಪಿನಕಾಯಿನೇ ಇಲ್ಲ. ಬಣ್ಣವೇ ಇಲ್ದಿರೋ ರೂಮ್‌ಗೆ ಬೀಜ್ ರಗ್ ಹಾಕಿ ಏನು ಸಾಧಿಸ್ದಂಗಾಯ್ತು?

ಬಿಳಿಗೋಡೆ:
ಓದಿದೀನಿ. ಗೋಡೆ ಬರೀ ಇದ್ರೆ ನನ್ನ ಅಭ್ಯಂತರ ಅರ್ಧ ಕಮ್ಮಿ. ಆದ್ರೆ ಕುಶನ್ ಕವರ್, ಕರ್ಟನ್ ಏನಿದೆ ಅಂತ ಅವರು ಹೇಳಿಲ್ಲ ಅಲ್ವಾ.

ಹೊಸಮನೆಯವಳು:
ಕುಶನ್ ನೀಲಿ ಪ್ರಿಂಟ್, ಕರ್ಟನ್ ಪ್ಲೇನ್ ಲಿನನ್. ಕುಶನ್ ಬದಲಾಯಿಸಕ್ಕೆ ನಾನು ರೆಡಿ.

ಅಜ್ಜಿಮನೆ:
ನನಗನ್ಸೋದು ಹೇಳ್ತೀನಿ, ಯಾರೂ ಬೇಜಾರಾಗ್ಬೇಡಿ. ನಮ್ಮಲ್ಲಿ ಜಮಖಾನ ಯಾವತ್ತೂ ಖಾಯಂ ಆಗಿ ಬಿದ್ದಿರ್ತಾ ಇರ್ಲಿಲ್ಲ. ನೆಲ ಬರೀ ಇರೋದು, ಕಾವಿ ನೆಲವೋ ಕಡಪಾ ಕಲ್ಲೋ. ನೆಂಟರು ಬಂದ್ರು, ಹರಿಕಥೆ ಇಟ್ಕೊಂಡ್ರು, ಹುಡುಗಿ ನೋಡೋಕೆ ಬಂದ್ರು, ಆವಾಗ ಅಟ್ಟದಿಂದ ಇಳಿಸಿ ಕೊಡವಿ ಹಾಸೋದು. ಎಲ್ಲರೂ ಎದ್ದು ಹೋದ ಮೇಲೆ ಮಡಚಿ ಮತ್ತೆ ಅಟ್ಟಕ್ಕೆ. ಅದಕ್ಕೇ ಅಷ್ಟು ಗಾಢ ಬಣ್ಣ ಇದ್ರೂ ಯಾರಿಗೂ ಬೇಸರ ಬರ್ಲಿಲ್ಲ. ಹಾಸಿದ ತಕ್ಷಣ ಮನೇಲಿ ಏನೋ ನಡೀತಿದೆ ಅಂತ ಮಕ್ಕಳಿಗೆ ಗೊತ್ತಾಗ್ತಿತ್ತು. ಈಗ ಸೋಫಾ ಕಾಲಡಿಗೆ ಸಿಗಿಸಿ ವರ್ಷಗಟ್ಟಲೆ ಬಿಡ್ತೀವಿ, ಆಮೇಲೆ ಕಣ್ಣಿಗೆ ಜಾಸ್ತಿ ಆಯ್ತು ಅಂತ ಬಣ್ಣದ ಮೇಲೆ ತಪ್ಪು ಹೊರಿಸ್ತೀವಿ. ಜಮಖಾನ ರೂಮನ್ನ ಆಳಲಿ, ಆದ್ರೆ ವರ್ಷವಿಡೀ ಬೇಡ. ತಿಂಗಳೋ ಎರಡು ತಿಂಗಳೋ ಹಾಸಿ, ತೆಗೀರಿ, ಮತ್ತೆ ದಸರಾಕ್ಕೆ ಹಾಸಿ.

ಮೈಸೂರ್_ಮಂದಿ:
ಅಬ್ಬಾ ಇದು ಮಾತು. ನಮ್ಮನೇಲೂ ದಸರಾ ಗೊಂಬೆ ಕೂರ್ಸಿದಾಗ ಮುಂದೆ ಕೆಂಪು ಜಮಖಾನ ಹಾಸ್ಲೇಬೇಕು, ಬಂದೋರು ಅದ್ರ ಮೇಲೆ ಕೂತು ಹಾಡು ಹೇಳಿ ಚರ್ಪು ಇಸ್ಕೊಂಡು ಹೋಗ್ಬೇಕು.

ಹ್ಯೂಸ್ಟನ್_ಕನ್ನಡತಿ:
ಅಜ್ಜಿಮನೆ ಹೇಳಿದ್ದು ಊರಿಗೆ ಸರಿ. ನಾವಿಲ್ಲಿ ಮರದ ನೆಲ, ಮೇಲಿನ ಮಹಡಿ ಅಪಾರ್ಟ್‌ಮೆಂಟ್. ನೆಲದ ಹೆಚ್ಚು ಭಾಗ ರಗ್ ಮುಚ್ಚಿರ್ಲೇಬೇಕು ಅಂತ ಬಾಡಿಗೆ ಕರಾರಲ್ಲೇ ಬರೆದಿದಾರೆ, ಕೆಳಗಿನವರಿಗೆ ಸದ್ದಾಗ್ಬಾರ್ದು ಅಂತ. ಮಡಚಿ ಇಡೋ ಪ್ರಶ್ನೇನೇ ಇಲ್ಲ. ಅದಕ್ಕೆ ಅಡಿಯಲ್ಲಿ ದೊಡ್ಡದಾಗಿ ಪ್ಲೇನ್ ಜೂಟ್ ರಗ್, ಅದ್ರ ಮೇಲೆ ಚಿಕ್ಕದಾಗಿ ಅಮ್ಮ ಕೊಟ್ಟ ಜಮಖಾನ ಹಾಕಿದೀನಿ. ಬಂದವರೆಲ್ಲಾ ಮೊದ್ಲು ಕೇಳೋದು ಅದನ್ನೇ. ರೂಮ್‌ನಲ್ಲಿ ಮಿಕ್ಕಿದ್ದೆಲ್ಲಾ ಅಂಗಡಿ ಸಾಮಾನು, ಎಲ್ಲರ ಮನೇಲೂ ಇರೋವಂಥದ್ದು. ಅದೊಂದು ಆಳಿದ್ರೆ ಆಳಲಿ ಬಿಡಿ, ನನಗಂತೂ ಬೇಕಾಗಿರೋದೇ ಅದು.

ನವಲಗುಂದ_ನಾಕಾ:
ನಮ್ಮೂರ ಜಮಖಾನದ ಮಾತ ಬಂತಂತ ಬರ್ಯಾಕತ್ತೀನ್ರೀ. ಮೊದಲ ಒಂದ ವಿಷಯ ತಿಳ್ಕೋರಿ, ಇದನ್ನ ನೇಯೋರು ಹೆಣ್ಮಕ್ಕಳು, ಮನ್ಯಾಗ ಕುಂತು. ಗೋಡಿಗೆ ಆನಿಸಿ ನೆಟ್ಟಗ ನಿಲ್ಲಿಸಿದ ಮಗ್ಗ ಇರ್ತದ, ಅದರ ಮುಂದ ಇಬ್ಬರು ಜೋಡಿ ಕುಂತು ನೇಯ್ತಾರ. ಬಣ್ಣದ ಹತ್ತಿ ನೂಲು ಬೆರಳಿಂದ ಎಳಿ ಎಳಿ ನಡಕ ತೂರಿಸಿ, ಕಬ್ಬಿಣದ ಪಂಜಾ ತಗೊಂಡು ಠಕ್ ಠಕ್ ಅಂತ ಕೆಳಗ ಬಡೀತಾರ, ಹಂಗ ಬಡದ ಬಡದ ಮಗ್ಗಕ್ಕ ಮೊದಲ ಬಿಗಿದ ಉದ್ದನ ಎಳಿ ಒಟ್ಟ ಕಾಣದಂಗ ಮುಚ್ಚಿ ಹೋಗ್ತದ. ಮುಂದ ಕಾಗದದ ಮ್ಯಾಲೆ ಚಿತ್ರ ಇಟಗೊಂಡು ನೇಯೂದು ನಾ ನೋಡಿಲ್ಲ, ಎಳಿ ಎಣಿಸ್ಕೋತ ಹೋಗ್ತಾರ, ನವಿಲಿನ ಕೊಕ್ಕು ಎಲ್ಲಿ ತಿರುಗಬೇಕು ಅನ್ನೂದು ಕೈಯಾಗ ಇರ್ತದ. ಆದಿಲ್‌ಶಾಹಿ ಕಾಲಕ್ಕ ವಿಜಾಪುರದಿಂದ ಬಂದ ನೇಕಾರ ಮನೆತನದವರು ಅಂತ ಹೇಳ್ತಾರ. ಡಿಸೈನು ಹೊರಗ ಹೋಗಬಾರದಂತ ಹಿಂದ ಮಗಳಿಗೂ ಕಲಸ್ತಿದ್ದಿಲ್ಲಂತ, ಮದಿವಿ ಆಗಿ ಬ್ಯಾರೆ ಮನಿಗೆ ಹೋಗ್ತಾಳಲ್ಲ ಅದಕ್ಕ. 2011ರಾಗ ಜಿಐ, ಅಂದ್ರ ಇದು ಈ ಊರಿಂದೇ ಅನ್ನೂ ಸರಕಾರದ ಗುರುತು, ಸಿಕ್ಕದ. ಖರೇ ಹೇಳಬೇಕಂದ್ರ ಈಗ ನೇಯೋರು ಭಾಳ ಕಮ್ಮಿ ಆಗ್ಯಾರ, ದಿನಗಟ್ಟಲೆ ಕುಂತ ನೇಯ್ದರೂ ಕೂಲಿ ಗಿಟ್ಟೂದಿಲ್ಲ. ಇಂಥಾದ್ದನ್ನ ತಗೊಂಡು ಹೋಗಿ ಟೀಪಾಯಿ ಬುಡಕ ಹಿನ್ನೆಲೆ ಮಾಡಿ ಹಾಕ್ರಿ ಅಂದ್ರ ನನಗ ಸಂಕಟ ಆಗ್ತದ್ರೀ. ಅದು ಕಾಣಬೇಕಂತನ ನೇಯ್ದಾರ.

ಕೆಂಪು_ನೆಲ:
👏👏 ಇದಕ್ಕಿಂತ ಹೆಚ್ಚಿಗೆ ಏನು ಹೇಳ್ಬೇಕು.

ತುಮಕೂರ್_ರೋಡ್:
ಆನ್‌ಲೈನಲ್ಲಿ ಸೇಮ್ ಡಿಸೈನ್ ಪ್ರಿಂಟ್ ಮಾಡಿರೋ ಕಾರ್ಪೆಟ್ ತುಂಬಾ ಕಮ್ಮಿಗೆ ಸಿಗುತ್ತಲ್ಲ, ಅದನ್ನ ಒಂದು ಸಲ ಹಾಸಿ ನೋಡಿ, ಬಣ್ಣ ಒಗ್ಗಿದ್ರೆ ಆಮೇಲೆ ದುಬಾರಿದು ತಗೊಳ್ಳಿ.

ನೂಲು_ನೇಯ್ಗೆ:
@ತುಮಕೂರ್_ರೋಡ್ ಅದು ಟ್ರಯಲ್ ಆಗಲ್ಲ. ಪ್ರಿಂಟ್ ಇರೋದು ಪಾಲಿಯೆಸ್ಟರ್ ಮೇಲೆ, ಅದಕ್ಕೊಂದು ಹೊಳಪಿರತ್ತೆ, ಕೆಂಪು ಇನ್ನೂ ಚುಚ್ಚುತ್ತೆ. ಹತ್ತಿ ನೂಲಿನ ಕೆಂಪಿಗೆ ಹೊಳಪಿಲ್ಲ, ಬೆಳಕನ್ನ ಒಳಗೆಳ್ಕೊಳತ್ತೆ, ಅದಕ್ಕೇ ಅಷ್ಟು ದಟ್ಟ ಇದ್ರೂ ಕಣ್ಣಿಗೆ ಹಿತ. ಪ್ರಿಂಟ್ ನೋಡಿ ಜಮಖಾನ ಬೇಡ ಅಂತ ತೀರ್ಮಾನ ಮಾಡಿದ್ರೆ ಅನ್ಯಾಯ.

ಕೊಳ್ಳೋವಾಗ ಹಿಂಭಾಗ ತಿರುಗಿಸಿ ನೋಡಿ. ಜಮಖಾನಕ್ಕೆ ಜುಂಗು ಇರಲ್ಲ, ಎರಡೂ ಕಡೆ ಒಂದೇ ಚಿತ್ರ, ತಿರುಗಿಸಿ ಹಾಸ್ಬಹುದು. ಕಾಶ್ಮೀರ ಅಥವಾ ಭದೋಹಿಯ ಗಂಟು ಹಾಕಿದ ಗಾಲೀಚಾ ಆದ್ರೆ ಹಿಂದೆ ಒಂದೊಂದು ಗಂಟೂ ಕಾಣತ್ತೆ, ಡಿಸೈನ್ ಹಿಂದೆಯೂ ಸ್ಪಷ್ಟ ಇರತ್ತೆ. ಹಿಂದೆ ಬರೀ ಬಿಳಿ ಬಟ್ಟೆ ಅಂಟಿಸಿದ್ರೆ ಅದು ಟಫ್ಟೆಡ್, ಗನ್‌ನಲ್ಲಿ ನೂಲು ಚುಚ್ಚಿ ಲೇಟೆಕ್ಸ್ ಅಂಟಲ್ಲಿ ಹಿಡಿಸಿರ್ತಾರೆ. ಕೆಲವು ವರ್ಷ ಆದ್ಮೇಲೆ ಆ ಅಂಟು ಒಣಗಿ ಪುಡಿಪುಡಿಯಾಗಿ ನೆಲದ ಮೇಲೆ ಉದುರತ್ತೆ. ಆರ್ಟ್ ಸಿಲ್ಕ್ ಅಂತ ಮಾರೋದು ಹೆಚ್ಚಿನದು ವಿಸ್ಕೋಸ್, ಅಂದ್ರೆ ಮರದ ತಿರುಳಿಂದ ಮಾಡಿದ ನೂಲು, ನೀರು ಬಿದ್ರೆ ಆ ಜಾಗ ಹಳದಿಯಾಗಿ ಗಟ್ಟಿಯಾಗತ್ತೆ. ಗಾಲೀಚಾ ತಗೊಳ್ಳೋರಿಗೆ ಇನ್ನೊಂದು, ಗುಡ್‌ವೀವ್ ಗುರುತು ಇದೆಯಾ ನೋಡಿ. ಮಕ್ಕಳ ಕೈಲಿ ಗಂಟು ಹಾಕಿಸೋದನ್ನ ತಡೆಯಕ್ಕೆ 1994ರಲ್ಲಿ ರಗ್‌ಮಾರ್ಕ್ ಅಂತ ಶುರುವಾಗಿದ್ದು, ಕೈಲಾಶ್ ಸತ್ಯಾರ್ಥಿಯವರು ಮುಂದೆ ನಿಂತು ಮಾಡಿದ್ದು. ಚೆಂದ ನೋಡೋ ಕಣ್ಣು ಇದನ್ನೂ ನೋಡ್ಬೇಕು.

ಮತ್ತೆ ಹಾಸು ಹಿನ್ನೆಲೇಲೇ ಇರ್ಬೇಕು ಅನ್ನೋದು ಎಲ್ಲಾ ಕಾಲದ ನಿಯಮ ಏನಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಆರ್ದಬೀಲ್ ಗಾಲೀಚಾ ಇದೆ, ಇರಾನಿನದು, 1539-40ರಲ್ಲಿ ಮುಗಿದಿದ್ದು, ಉದ್ದ ಹತ್ತೂವರೆ ಮೀಟರ್. ಅದನ್ನ ಹಾಸಿದ್ದ ಜಾಗದಲ್ಲಿ ಕುರ್ಚಿ ಮೇಜು ಇರ್ಲಿಲ್ಲ, ಜನ ನೆಲದ ಮೇಲೆ ಕೂರ್ತಿದ್ರು. ನೆಲದ ಮೇಲೆ ಕೂತು ಬದುಕೋ ಕಡೆ ಹಾಸೇ ಮುಖ್ಯ ಆಗತ್ತೆ. ಸೋಫಾ ಬಂದ್ಮೇಲೆ ಹಾಸು ಕೆಳಗಾಯ್ತು. ನಾವಂತೂ ಇವತ್ತಿಗೂ ಸೋಫಾ ಇದ್ರೂ ಕೆಳಗೆ ಕೂತು ಸೋಫಾಗೆ ಬೆನ್ನು ಆನಿಸ್ಕೊಳ್ಳೋ ಜನ ಅಲ್ವಾ.

ಕಡಲತಡಿ:
ಹೌದು ಮಾರಾಯ್ರೆ, ಕ್ರಿಕೆಟ್ ನೋಡ್ಲಿಕ್ಕೆ ನಾವೆಲ್ಲ ನೆಲದಲ್ಲೇ. ಆದ್ರೆ ಇಲ್ಲಿ ಯಾರೂ ಮಳೆಗಾಲದ ಬಗ್ಗೆ ಮಾತಾಡ್ಲಿಲ್ಲ. ಮಂಗ್ಳೂರಲ್ಲಿ ಜೂನ್ ಬಂತೂಂದ್ರೆ ಹಾಸಿದ ಎಂತದ್ದೂ ಬೂಷ್ಟು ಹಿಡೀತದೆ. ಹತ್ತಿ ಅಂತೂ ಗಾಳಿಯ ಪಸೆಯನ್ನೇ ಹೀರ್ತದೆ. ನಮ್ಮದು ಒಂದು ದೊಡ್ಡ ಉಣ್ಣೆ ಕಾರ್ಪೆಟ್ ಇತ್ತು, ಆಷಾಢದಲ್ಲಿ ಅದರ ವಾಸನೆಗೆ ಹಾಲ್‌ನಲ್ಲಿ ಕೂರ್ಲಿಕ್ಕೆ ಆಗ್ತಿರ್ಲಿಲ್ಲ, ಎತ್ತಿ ನೋಡಿದ್ರೆ ಅಡೀಲಿ ನುಸಿ. ಕರಾವಳಿಯವರು ದಪ್ಪದ್ದು ತಗೊಳ್ಳುವುದೇ ಬೇಡ. ತೆಳು ಜಮಖಾನ ಆದ್ರೆ ಮೇ ಕೊನೆಗೆ ಒಳ್ಳೆ ಬಿಸಿಲಲ್ಲಿ ಹಾಕಿ ಮಡಚಿ, ಬೇವಿನ ಸೊಪ್ಪು ಇಟ್ಟು, ದೀಪಾವಳಿಗೆ ತೆಗೀಬಹುದು. ಅಜ್ಜಿಮನೆಯವರು ಹೇಳಿದ ತೆಗೆದು ಹಾಸುವ ಕ್ರಮ ನಮಗೆ ಅಂದಕ್ಕಲ್ಲ, ಹವೆಗೇ ಬೇಕು.

ಬಿಳಿಗೋಡೆ:
@ನೂಲು_ನೇಯ್ಗೆ ನೆಲದ ಮೇಲೆ ಕೂರೋ ವಿಷಯ ಒಪ್ಪಿದೆ, ಅದು ನಿಜಕ್ಕೂ ಒಳ್ಳೆ ಪಾಯಿಂಟ್. ಹಾಗಿದ್ರೆ ನನ್ನ ಸಲಹೆ ಬೇರೆಯಾಗತ್ತೆ. ಜಮಖಾನ ಆಳಬೇಕು ಅಂದ್ರೆ ಆಳಕ್ಕೆ ಜಾಗ ಕೊಡಿ, ಅರ್ಧ ಮನಸ್ಸಿಂದ ಮಾಡ್ಬೇಡಿ. ಟೀಪಾಯಿ ತೆಗೆದುಬಿಡಿ, ಅದರ ಬದಲು ಸೋಫಾ ಪಕ್ಕಕ್ಕೆ ಒಂದು ಚಿಕ್ಕ ಸ್ಟೂಲ್ ಸಾಕು. ನೀಲಿ ಪ್ರಿಂಟ್ ಕುಶನ್ ತೆಗೆದು ಜಮಖಾನದಲ್ಲಿರೋದೇ ಬಣ್ಣಗಳಲ್ಲಿ ಪ್ಲೇನ್ ಕವರ್ ಹಾಕಿ, ಕೆಂಪು ಬೇಡ, ಅದರಲ್ಲಿ ಕಮ್ಮಿ ಇರೋ ಬಣ್ಣ ಆರಿಸಿ, ಸಾಸಿವೆ ಹಳದಿ ಅಥವಾ ಹಸಿರು. ಗೋಡೆಗೆ ಹೊಸ ಚಿತ್ರ ಏನೂ ತೂಗುಹಾಕ್ಬೇಡಿ. ಅಳತೆ ವಿಷಯದಲ್ಲಂತೂ ಚೌಕಾಸಿ ಬೇಡವೇ ಬೇಡ. ಸೋಫಾ 7 ಅಡಿ ಇದ್ರೆ ಹಾಸು 8 ಅಡಿ ಇರ್ಲೇಬೇಕು, ಎರಡೂ ಕಡೆ ಅರ್ಧರ್ಧ ಅಡಿ ಆಚೆ ಬರ್ಬೇಕು. ಗಾಢ ಬಣ್ಣದ ಚಿಕ್ಕ ಹಾಸು ಮಧ್ಯೆ ಒಂಟಿಯಾಗಿ ಬಿದ್ದಿದ್ರೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. 5ಕ್ಕೆ 8 ನಿಮ್ಮ ಹಾಲ್‌ಗೆ ಸರಿ, ಸೋಫಾಗೆ ತಾಗಿಸಿ ಹಾಸಿ, ಅಡಿಗೆ ನುಗ್ಗಿಸ್ಬೇಡಿ, ಆಗ ನವಿಲಿನ ಅಂಚೂ ಉಳಿಯತ್ತೆ.

ಕೆಂಪು_ನೆಲ:
ಮೊದಲು ಹಾಸು ಕೊಂಡು ಆಮೇಲೆ ಮಿಕ್ಕಿದ್ದು ನೋಡೋದು ಒಳ್ಳೇದು ಅಂತ ನಾನು ಯಾವಾಗ್ಲೂ ಹೇಳೋದು. ಗೋಡೆ ಬಣ್ಣ ಸಾವಿರ ಶೇಡ್‌ನಲ್ಲಿ ಸಿಗತ್ತೆ, ಕುಶನ್ ಬಟ್ಟೆ ಚಿಕ್ಕಪೇಟೇಲಿ ಬೇಕಾದ್ದು ಸಿಗತ್ತೆ. ಕೈಯಲ್ಲಿ ನೇಯ್ದಿದ್ದು ಒಂದೇ ಸಿಗೋದು, ಅದಕ್ಕೆ ಮಿಕ್ಕಿದ್ದು ಹೊಂದ್ಕೋಬೇಕು.

ಬೆಳಕಿನ_ಕೆಲಸ:
ಬಣ್ಣದ ಬಗ್ಗೆ ಇಷ್ಟು ಚರ್ಚೆ ಆಯ್ತು, ಲೈಟ್ ಬಗ್ಗೆ ಯಾರೂ ಕೇಳ್ಲಿಲ್ಲ. ಹುಬ್ಬಳ್ಳೀಲಿ ನೀವು ನೋಡಿದ್ದು ಹಗಲು ಬೆಳಕಲ್ಲಿ ಇರ್ಬೇಕು. ನಿಮ್ಮ ಫ್ಲಾಟ್‌ನಲ್ಲಿ ಸೀಲಿಂಗ್‌ಗೆ 6500 ಕೆಲ್ವಿನ್ ಬಿಳಿ ಎಲ್‌ಇಡಿ ಹಾಕಿದ್ರೆ ಅದೇ ಕೆಂಪು ರಾತ್ರಿ ಹೊತ್ತು ಇಟ್ಟಿಗೆ ಪುಡಿ ಥರ ಸತ್ತೋಗಿರತ್ತೆ. ಅಗ್ಗದ ಎಲ್‌ಇಡಿಗಳಲ್ಲಿ ದಟ್ಟ ಕೆಂಪು ತೋರ್ಸೋ ಶಕ್ತಿ ಬಹಳ ಕಮ್ಮಿ. ಬಾಕ್ಸ್ ಮೇಲೆ ಸಿಆರ್‌ಐ ಅಂತ ಇರತ್ತೆ, ಬಣ್ಣ ಎಷ್ಟು ಸರಿಯಾಗಿ ತೋರ್ಸತ್ತೆ ಅನ್ನೋ ಅಂಕಿ ಅದು, 80 ಸಾಮಾನ್ಯ, 90ರ ಮೇಲಿಂದು ತಗೊಳ್ಳಿ, 3000 ಕೆಲ್ವಿನ್ ವಾರ್ಮ್, ಅಂದ್ರೆ ಹಳದಿ ಛಾಯೆಯದು. ಹಾಸಿನ ಮೇಲೆ ಬೀಳೋ ಎರಡು ಲೈಟ್ ಬದಲಾಯಿಸಿದ್ರೂ ಸಾಕು. ಹಾಗೆ ಬಾಲ್ಕನಿ ಬಾಗಿಲಿಂದ ಮಧ್ಯಾಹ್ನದ ಬಿಸಿಲು ನೇರ ಬೀಳೋ ಕಡೆ ಹಾಸ್ಬೇಡಿ, ಆ ಭಾಗ ಮಾತ್ರ ಬಿಳಚಿಕೊಳ್ಳತ್ತೆ. ಆಗಾಗ ತಲೆ ಬುಡ ತಿರುಗಿಸಿ ಹಾಸಿ.

ತುಮಕೂರ್_ರೋಡ್:
ಕೆಂಪು ಹಾಸು ಆಗ್ನೇಯಕ್ಕೆ ಇರ್ಬೇಕು, ಈಶಾನ್ಯಕ್ಕೆ ಬರಬಾರ್ದು ಅಂತ ನಮ್ಮ ವಾಸ್ತು ನೋಡೋರು ಹೇಳಿದ್ರು.

ಮೈಸೂರ್_ಮಂದಿ:
ಸೋಫಾ ಎಲ್ಲಿದ್ಯೋ ಹಾಸು ಅಲ್ಲೇ ತಾನೆ ಹಾಸೋಕಾಗೋದು.

ತುಮಕೂರ್_ರೋಡ್:
ನಂಬೋರಿಗೆ ಹೇಳ್ದೆ ಅಷ್ಟೇ ಸಾರ್, ನಮ್ಮ ಮನೇಲಿ ಹಿರಿಯರು ಕೇಳೇ ಕೇಳ್ತಾರೆ.

ಎರಡ್_ಮಕ್ಳಮ್ಮ:
ನನ್ನ ಓಟು ಗಾಢ ಬಣ್ಣಕ್ಕೇ, ಕಾರಣ ಒಂದೇ. ಬೀಜ್ ರಗ್ ಮೇಲೆ ಸಾಂಬಾರ್ ಬಿದ್ರೆ ಅವತ್ತಿಗೆ ಅದರ ಕಥೆ ಮುಗೀತು, ಅರಿಶಿನ ಹೋಗಲ್ಲ. ಕೆಂಪು ಹಳದಿ ಹಸಿರು ಇರೋ ಜಮಖಾನದ ಮೇಲೆ ಮಕ್ಳು ಏನು ಚೆಲ್ಲಿದ್ರೂ ಹುಡುಕ್ಬೇಕು. ತಿಳಿ ಬಣ್ಣದ ಮನೆ ಅಂತ ಫೋಟೋದಲ್ಲಿ ತೋರ್ಸೋವ್ರ ಮನೇಲಿ ಮಕ್ಳು ಹಾಲ್‌ಗೆ ಬರ್ತಾರಾ ಇಲ್ವಾ ಅಂತ ನನಗೆ ಯಾವಾಗ್ಲೂ ಅನುಮಾನ.

ಅಜ್ಜಿಮನೆ:
ಹೌದಮ್ಮಾ. ಮಕ್ಕಳು ಉರುಳಾಡದ ಜಮಖಾನ ಯಾತಕ್ಕೆ.

ಬಯಲುಸೀಮೆ:
ಇಷ್ಟೆಲ್ಲಾ ಓದಿದೆ. ನನ್ನ ಅಭಿಪ್ರಾಯ ಸ್ವಲ್ಪ ಉಲ್ಟಾ. ಎದ್ದು ಕಾಣೋ ಹಾಸು ಒಂದೇ ಒಂದು ಕಡೆ ಚೆಂದ. ನಮ್ಮ ನೆಂಟರೊಬ್ಬರ ಮನೇಲಿ ಹಾಲ್‌ಗೆ ಒಂದು, ಡೈನಿಂಗ್ ಅಡಿಗೆ ಒಂದು, ಬೆಡ್‌ರೂಮ್‌ಗೆ ಒಂದು, ಪ್ರತಿಯೊಂದೂ ಬೇರೆ ಬೇರೆ ದಟ್ಟ ಬಣ್ಣ, ಒಂದು ರೂಮಿಂದ ಇನ್ನೊಂದಕ್ಕೆ ಹೋಗೋಷ್ಟರಲ್ಲಿ ಕಣ್ಣು ದಣಿಯತ್ತೆ. ಡೈನಿಂಗ್ ಟೇಬಲ್ ಅಡಿಗೆ ಹಾಸು ಹಾಕೋದನ್ನಂತೂ ನಮ್ಮ ಊಟದ ಪದ್ಧತಿಗೆ ನಾನು ಒಪ್ಪಲ್ಲ, ಅನ್ನದ ಅಗುಳು ನೂಲಿನ ಸಂದೀಲಿ ಕೂತ್ರೆ ಇರುವೆ ಸಾಲು ಗ್ಯಾರಂಟಿ. ಹಾಲ್‌ನಲ್ಲಿ ಒಂದು ಹಾಸು ಆಳಲಿ, ಮಿಕ್ಕ ರೂಮ್‌ಗಳು ಬರೀ ನೆಲ ಇರಲಿ.

ಹೊಸಮನೆಯವಳು:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಯಜಮಾನ್ರಿಗೂ ಕೂರಿಸಿ ಓದಿಸ್ದೆ. ನವಲಗುಂದದವರು ಬರೆದಿದ್ದು ಓದಿ ಅವರು ಮೆತ್ತಗಾದ್ರು, ಟೀಪಾಯಿ ಹೋಗತ್ತೆ ಅಂತ ಮಾತ್ರ ಸ್ವಲ್ಪ ಬೇಜಾರು, ಕಾಫಿ ಲೋಟ ಎಲ್ಲಿಡೋದು ಅಂತ. 5ಕ್ಕೆ 8, ಕೆಂಪು, ಅಂತ ತೀರ್ಮಾನ ಆಯ್ತು. ಈಗ ಎಲ್ಲಿ ತಗೋಬೇಕು ಹೇಳಿ, ಮತ್ತೆ ಅಂಚಿನ ಕುಚ್ಚು ನಮ್ಮ ರೋಬೋ ವ್ಯಾಕ್ಯೂಮ್‌ಗೆ ಸಿಕ್ಕಾಕೊಳ್ಳಲ್ವಾ? ಒಗೆಯೋದು ಹೆಂಗೆ?

ನವಲಗುಂದ_ನಾಕಾ:
ಆಗೂದಿದ್ರ ಊರಿಗೇ ಬರ್ರಿ, ಹುಬ್ಬಳ್ಳಿಯಿಂದ ತಾಸಿನ ಹಾದಿ, ನೇಯೋರ ಓಣಿ ಯಾರನ್ನ ಕೇಳಿದ್ರೂ ತೋರಸ್ತಾರ. ನಿಮ್ಮ ಅಳತಿ, ಬಣ್ಣ ಹೇಳಿ ಮುಂಗಡ ಕೊಟ್ರ ನೇಯ್ದ ಕೊಡ್ತಾರ, ಆದ್ರ ಅವಸರ ಮಾಡಬ್ಯಾಡ್ರಿ, ದೊಡ್ಡದಿದ್ರ ವಾರಗಟ್ಟಲೆ ಹಿಡೀತದ. ಬೆಂಗಳೂರಾಗ ಕಾವೇರಿ ಎಂಪೋರಿಯಂನಾಗ ಕೇಳಿ ನೋಡ್ರಿ. ಕುಚ್ಚು ಹಾಸಿನ ಬುಡಕ ಮಡಚಿ ದಪ್ಪ ದಾರದಲೆ ಸಡ್ಲಾಗಿ ಹೊಲಿಗಿ ಹಾಕ್ರಿ, ಕತ್ರಿ ಮಾತ್ರ ಹಚ್ಚಬ್ಯಾಡ್ರಿ, ಕುಚ್ಚಿನ ಗಂಟು ಹೋತಂದ್ರ ನೇಯ್ಗಿ ಬಿಚ್ಚಕೋತ ಬರ್ತದ. ಮೊದಲನೇ ಸಲ ಒಗ್ಯೂ ಮುಂಚೆ ಒದ್ದಿ ಬಿಳೀ ಬಟ್ಟಿ ತಗೊಂಡು ಮೂಲ್ಯಾಗ ತಿಕ್ಕಿ ನೋಡ್ರಿ, ಬಣ್ಣ ಹತ್ತಿದ್ರ ಮನ್ಯಾಗ ಒಗೀಬ್ಯಾಡ್ರಿ. ಹತ್ತಲಿಲ್ಲಂದ್ರ ತಣ್ಣೀರು, ನೆಳ್ಳಾಗ ಒಣಗಸೂದು. ವಾಷಿಂಗ್ ಮಷಿನ್ ಬ್ಯಾಡ.

ನೂಲು_ನೇಯ್ಗೆ:
ಇನ್ನೊಂದು ಮರೀಬೇಡಿ. ವಿಟ್ರಿಫೈಡ್ ಟೈಲ್ಸ್ ಮೇಲೆ ಜಮಖಾನ ಜಾರತ್ತೆ, ವಯಸ್ಸಾದವರಿದ್ರೆ ಅಪಾಯ. ಅಡೀಗೆ ಆಂಟಿ ಸ್ಲಿಪ್ ಮ್ಯಾಟ್ ಹಾಕಿ, ಹಾಸಿಗಿಂತ ಎರಡು ಇಂಚು ಒಳಗೇ ಕತ್ತರಿಸ್ಕೊಳ್ಳಿ.

ಬಯಲುಸೀಮೆ:
ವಿಷಯ ಸ್ವಲ್ಪ ಬೇರೆ, ಇಲ್ಲೇ ಕೇಳ್ತೀನಿ. ನಮ್ಮ ಕಡೆ ಕರಿ ಕಂಬಳಿ ಇದೆಯಲ್ಲ, ಕುರುಬರು ನೇಯೋದು, ಅದನ್ನ ಬೆಡ್‌ರೂಮ್‌ನಲ್ಲಿ ಮಂಚದ ಪಕ್ಕ ಹಾಸಿದ್ರೆ ಹೇಗಿರತ್ತೆ? ಬಣ್ಣದ ಗಲಾಟೆ ಇಲ್ಲ, ಆದ್ರೂ ಗತ್ತಿದೆ.

ನವಲಗುಂದ_ನಾಕಾ:
ಕಂಬಳಿ ತುಳ್ಯೂದಂದ್ರ ಹಿರಿಯರು ಬೈತಾರ್ರೀ, ನಮ್ಮ ಕಡೆ ಅದನ್ನ ಗದ್ದಿಗಿಗೆ ಹಾಸ್ತಾರ, ಪೂಜಿ ಮಾಡ್ತಾರ. ಗೋಡಿಗೆ ಹಾಕ್ರಿ, ಇಲ್ಲಾ ಮಂಚದ ಕಾಲಕಡೆ ಹೊದಿಸ್ರಿ.

ನೂಲು_ನೇಯ್ಗೆ:
ಡೆಕ್ಕನಿ ಕುರಿ ಉಣ್ಣೆ ಒರಟು, ಬರಿಗಾಲಿಗೆ ಚುಚ್ಚುತ್ತೆ. ಹೊಸ ಕಂಬಳಿ ಇನ್ನೂ ಗಡುಸಾಗಿರತ್ತೆ, ಯಾಕಂದ್ರೆ ನೇಯೋ ಮುಂಚೆ ನೂಲಿಗೆ ಹುಣಸೆಬೀಜದ ಗಂಜಿ ಹಾಕಿರ್ತಾರೆ. ಬಳಸ್ತಾ ಬಳಸ್ತಾ ಮೆತ್ತಗಾಗತ್ತೆ. ಉಣ್ಣೆಗೆ ನುಸಿ ಬೇಗ ಬರತ್ತೆ, ಆಗಾಗ ಬಿಸಿಲಿಗೆ ಹಾಕಿ ಕೊಡವಿ. ಗೋಡೆಗೆ ಹಾಕೋದಾದ್ರೆ ಮೊಳೆ ಹೊಡೀಬೇಡಿ, ಹಿಂದೆ ಬಟ್ಟೆಯ ನೇಫೆ ಹೊಲಿಸಿ ಕೋಲು ತೂರಿಸಿ ತೂಗುಹಾಕಿ, ಭಾರ ಎಲ್ಲಾ ಕಡೆ ಸಮ ಬೀಳತ್ತೆ.

ಬಯಲುಸೀಮೆ:
ಸರಿ, ಗೋಡೆಗೇ ಹಾಕ್ತೀನಿ. ಚಳ್ಳಕೆರೆ ಕಡೆ ಹೋಗೋ ಕೆಲ್ಸ ಇದೆ, ಅಲ್ಲಿ ಸಂತೇಲಿ ನೋಡ್ಕೊಂಡು ಬರ್ತೀನಿ. ಯಾರಿಗಾದ್ರೂ ಬೇಕಿದ್ರೆ ಹೇಳಿ, ಒಟ್ಟಿಗೆ ತರ್ತೀನಿ.

ಎರಡ್_ಮಕ್ಳಮ್ಮ:
ನಮಗೊಂದು ತನ್ನಿ. ಅಂಚಲ್ಲಿ ಬಿಳಿ ಗೆರೆ ಇರೋದು.